ಹೆದ್ದಾರಿ ಬಂದ್ ಆಗಿರುವಾಗ ಕುಟುಂಬದ ಪ್ರವಾಸವನ್ನು ಯೋಜಿಸುವುದು ಹೇಗೆ?

ರಜೆಯ ದಿನಗಳು ಗೊತ್ತಾಗಿ, ತಂಗುವ ಕೋಣೆಗೆ ಮುಂಗಡವನ್ನೂ ಕಟ್ಟಿಯಾದ ಮೇಲೆ, ನಾವು ಹೋಗಬೇಕಾದ ಹೆದ್ದಾರಿಯನ್ನೇ ಮುಚ್ಚಲಾಗುತ್ತದೆ ಎಂಬ ಪ್ರಕಟಣೆ ಹೊರಬೀಳುವುದುಂಟು. ಸುದ್ದಿ ತಿಳಿದ ಕೂಡಲೇ ಹೆಚ್ಚಿನವರು ಮೊಬೈಲ್‌ನಲ್ಲಿ ನಕ್ಷೆ ತೆರೆದು ಬೇರೆ ದಾರಿ ಹುಡುಕಲು ಕೂರುತ್ತಾರೆ. ದಾರಿ ಸಿಗುವುದು ಕಷ್ಟವೇನಲ್ಲ. ಆದರೆ ಆ ದಾರಿಯಲ್ಲಿ ಕಳೆಯಬೇಕಾದ ಹೆಚ್ಚುವರಿ ಗಂಟೆಗಳನ್ನು ಮನೆಯ ಪುಟ್ಟ ಮಗು, ವಯಸ್ಸಾದ ತಂದೆತಾಯಿ ಮತ್ತು ಚಾಲಕ ಹೇಗೆ ತಾಳಿಕೊಳ್ಳುತ್ತಾರೆ ಎಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಹೀಗಾಗಿ ಇಂಥ ಪ್ರವಾಸದ ಯೋಜನೆಯನ್ನು ವೇಳೆಯ ಲೆಕ್ಕದಿಂದ ಆರಂಭಿಸಬೇಕು. ದಾರಿಯ ಆಯ್ಕೆ ಅದರ ಹಿಂದೆ ಬರಬೇಕು.

ಪ್ರಕಟಣೆಯನ್ನು ಪೂರ್ತಿ ಓದುವುದು

'ಹೆದ್ದಾರಿ ಬಂದ್' ಎಂಬ ತಲೆಬರಹದ ಕೆಳಗೆ ನಾನಾ ಬಗೆಯ ನಿರ್ಬಂಧಗಳು ಇರುತ್ತವೆ. ಕೆಲವೆಡೆ ಎಲ್ಲ ವಾಹನಗಳಿಗೂ ಹಗಲಿರುಳು ಸಂಚಾರ ನಿಷೇಧವಿರುತ್ತದೆ; ಕೆಲವೆಡೆ ರಾತ್ರಿ ಮಾತ್ರ ಅಥವಾ ಒಂದು ದಿಕ್ಕಿನಲ್ಲಿ ಮಾತ್ರ ರಸ್ತೆ ಮುಚ್ಚಿರುತ್ತದೆ; ಇನ್ನು ಕೆಲವೆಡೆ ಭಾರಿ ವಾಹನಗಳನ್ನಷ್ಟೇ ತಡೆದು ಕಾರುಗಳನ್ನು ಬಿಡಲಾಗುತ್ತದೆ. ರಸ್ತೆ ತೆರೆಯಿತು ಎಂಬ ಸುದ್ದಿಯನ್ನೂ ಇಷ್ಟೇ ಎಚ್ಚರದಿಂದ ಓದಬೇಕು. ನ್ಯೂಜಿಲೆಂಡಿನ ಕೈಕೌರಾ ಬಳಿ 2016ರ ನವೆಂಬರ್ 14ರಂದು ಸಂಭವಿಸಿದ ಭೂಕಂಪದಿಂದ ಮುಚ್ಚಿಹೋದ ಕರಾವಳಿಯ 1ನೇ ಹೆದ್ದಾರಿ 2017ರ ಡಿಸೆಂಬರ್ 15ರಂದು ಮತ್ತೆ ತೆರೆದಾಗ, ಮೊದಮೊದಲು ಹಗಲಿನ ಸಂಚಾರಕ್ಕೆ ಮಾತ್ರ ಅವಕಾಶವಿತ್ತು. ಹೆಲೀನ್ ಚಂಡಮಾರುತದ ಪ್ರವಾಹಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಹೋಗಿದ್ದ ಅಮೆರಿಕದ ನಾರ್ತ್ ಕ್ಯಾರೊಲಿನಾದ 40ನೇ ಅಂತರರಾಜ್ಯ ಹೆದ್ದಾರಿಯ ಕಣಿವೆ ಭಾಗವು 2025ರ ಮಾರ್ಚ್‌ನಲ್ಲಿ ತೆರೆದದ್ದು ಪ್ರತಿ ದಿಕ್ಕಿಗೆ ಒಂದೇ ಪಥದೊಂದಿಗೆ, ಗಂಟೆಗೆ 35 ಮೈಲಿ ವೇಗದ ಮಿತಿಯೊಂದಿಗೆ. ಸಂಜೆ ಹೊರಟವನಿಗೆ ಮೊದಲನೆಯ ರಸ್ತೆ ಮುಚ್ಚಿದ್ದಕ್ಕೆ ಸಮ. ಎರಡನೆಯದರಲ್ಲಿ ಹಳೆಯ ವೇಗದ ಲೆಕ್ಕ ಹಿಡಿದು ಹೋದವನಿಗೆ ಗಮ್ಯ ಸೇರುವ ಹೊತ್ತು ತಪ್ಪಿಹೋಗುತ್ತದೆ.

ಆದ್ದರಿಂದ ಯಾವ ಜಾಗದಿಂದ ಯಾವ ಜಾಗದವರೆಗೆ, ಯಾವ ದಿಕ್ಕಿನಲ್ಲಿ, ಯಾವ ಹೊತ್ತಿಗೆ, ಯಾವ ವಾಹನಕ್ಕೆ ಎಂಬ ನಾಲ್ಕು ವಿವರಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಈ ವಿವರಗಳನ್ನು ರಸ್ತೆಯ ನಿರ್ವಹಣೆ ಹೊತ್ತಿರುವ ಇಲಾಖೆಯ ಜಾಲತಾಣದಿಂದಲೋ ಸಂಚಾರ ಪೊಲೀಸರ ಪ್ರಕಟಣೆಯಿಂದಲೋ ನೇರವಾಗಿ ತೆಗೆದುಕೊಳ್ಳುವುದು ಒಳ್ಳೆಯದು. ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುತ್ತಿ ಬಂದ ಸಂದೇಶದಲ್ಲಿ ಹೆಚ್ಚಾಗಿ ಕಳೆದುಹೋಗಿರುವುದು ದಿನಾಂಕವೇ.

ಮುಚ್ಚಿದ್ದರ ಕಾರಣವನ್ನೂ ಗಮನಿಸಬೇಕು. ಯೋಜಿತ ಕಾಮಗಾರಿಯಾದರೆ ಮುಗಿಯುವ ದಿನವನ್ನು ಒಂದು ಮಟ್ಟಿಗೆ ನಂಬಬಹುದು. ಭೂಕುಸಿತ, ಪ್ರವಾಹ, ಸೇತುವೆ ಕುಸಿತದಂಥ ಅವಘಡಗಳಲ್ಲಿ ಮೊದಲ ವಾರದ ಅಂದಾಜಿಗೆ ಜೋತುಬೀಳಬಾರದು. ಫಿಲಡೆಲ್ಫಿಯಾದಲ್ಲಿ 2023ರ ಜೂನ್ 11ರಂದು ಟ್ಯಾಂಕರ್ ಹೊತ್ತಿ ಉರಿದು ಕುಸಿದ 95ನೇ ಹೆದ್ದಾರಿಯ ಭಾಗದಲ್ಲಿ, ತಿಂಗಳುಗಳೇ ಹಿಡಿಯಬಹುದು ಎಂಬ ಆರಂಭದ ಮಾತಿನ ನಡುವೆಯೂ, ಜೂನ್ 23ರಂದೇ ತಾತ್ಕಾಲಿಕ ಪಥಗಳಲ್ಲಿ ಸಂಚಾರ ಶುರುವಾಯಿತು. ಕೈಕೌರಾದಲ್ಲಿ ಅದೇ ಕೆಲಸಕ್ಕೆ ಹದಿಮೂರು ತಿಂಗಳು ಬೇಕಾಯಿತು. ಅವಘಡದಿಂದ ಮುಚ್ಚಿದ ರಸ್ತೆ ನಮ್ಮ ಪ್ರಯಾಣದ ದಿನಕ್ಕೆ ಮುಚ್ಚಿಯೇ ಇರುತ್ತದೆ ಎಂದುಕೊಂಡು ಯೋಜಿಸುವುದು ಕ್ಷೇಮ. ಅಷ್ಟರೊಳಗೆ ತೆರೆದರೆ ಉಳಿದ ವೇಳೆ ನಮ್ಮದೇ.

ದಿನ ಬದಲಿಸಬಹುದೇ ಎಂದು ನೋಡುವುದು

ದಾರಿ ಬದಲಿಸುವುದಕ್ಕಿಂತ ದಿನ ಬದಲಿಸುವುದು ಎಷ್ಟೋ ಸಲ ಸುಲಭ ಮತ್ತು ಅಗ್ಗ. ಲಾಸ್ ಏಂಜಲೀಸಿನ 405ನೇ ಹೆದ್ದಾರಿಯನ್ನು 2011ರ ಜುಲೈನ ಒಂದು ವಾರಾಂತ್ಯ ಸೇತುವೆ ಕೆಡಹುವ ಕೆಲಸಕ್ಕಾಗಿ ಮುಚ್ಚಿದಾಗ, ಇಡೀ ನಗರದ ಸಂಚಾರ ಸ್ಥಗಿತಗೊಳ್ಳುತ್ತದೆ ಎಂಬ ಭಯ ಹರಡಿತ್ತು. ಮುನ್ನೆಚ್ಚರಿಕೆ ಕೇಳಿದ ಜನ ಮನೆಯಲ್ಲೇ ಉಳಿದರು. ರಸ್ತೆಗಳು ಎಂದಿಗಿಂತ ಖಾಲಿಯಾಗಿದ್ದವು. ಕೆಲಸವೂ ಗಡುವಿಗೆ ಮೊದಲೇ ಮುಗಿದು ಭಾನುವಾರ ಮಧ್ಯಾಹ್ನದ ಹೊತ್ತಿಗೇ ಹೆದ್ದಾರಿ ತೆರೆಯಿತು. ಲಂಡನ್ನಿನ ವರ್ತುಲ ರಸ್ತೆಯಾದ ಎಂ25ರ ಒಂದು ಭಾಗವನ್ನು 2024ರ ಮಾರ್ಚ್‌ನ ವಾರಾಂತ್ಯದಲ್ಲಿ ಮುಚ್ಚಿದಾಗಲೂ ಹೆಚ್ಚುಕಡಿಮೆ ಹೀಗೇ ಆಯಿತು. ಇವೆರಡನ್ನೂ ಕಂಡು ಯಾವ ರಸ್ತೆ ಮುಚ್ಚಿದರೂ ಭಯವಿಲ್ಲ ಎಂದು ತಿಳಿಯಬಾರದು. ಪ್ರಯಾಣ ಮುಂದೂಡಬಲ್ಲವರು ಮುಂದೂಡಿದ್ದರಿಂದಲೇ ಉಳಿದವರಿಗೆ ದಾರಿ ಸಿಕ್ಕಿತು.

ಹಾಗಾಗಿ ಮನೆಯವರೆಲ್ಲ ಕೂತು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಪ್ರವಾಸದಲ್ಲಿ ದಿನ ಬದಲಿಸಲಾಗದ ಭಾಗ ಯಾವುದು? ಮದುವೆಯೋ ವಿಮಾನವೋ ಪರೀಕ್ಷೆಯೋ ಇದ್ದರೆ ಅದು ಕದಲದು. ಉಳಿದೆಲ್ಲವನ್ನೂ ಸರಿಸಬಹುದು. ಶುಕ್ರವಾರ ಸಂಜೆಯ ಬದಲು ಶನಿವಾರ ಬೆಳಗಿನ ಜಾವ ಹೊರಡುವುದು, ಭಾನುವಾರ ಸಂಜೆಯ ಬದಲು ಸೋಮವಾರ ಮರಳುವುದು, ಗಮ್ಯವನ್ನೇ ಹೆದ್ದಾರಿಯ ಈಚೆಗೆ ಬದಲಿಸುವುದು ಇವೆಲ್ಲ ನಾಚಿಕೆಪಡಬೇಕಾದ ರಾಜಿಗಳಲ್ಲ. ರೈಲು ಇರುವ ಕಡೆ ರೈಲನ್ನು ಗಂಭೀರವಾಗಿ ಪರಿಗಣಿಸಬೇಕು. ಆದರೆ ಅದೇ ಯೋಚನೆ ಸಾವಿರಾರು ಜನರಿಗೆ ಬಂದಿರುತ್ತದೆಯಾದ್ದರಿಂದ ಟಿಕೆಟ್ ಕಾಯ್ದಿರಿಸಲು ತಡಮಾಡಬಾರದು.

ಗಂಟೆಗಳ ಲೆಕ್ಕ

ಹೋಗುವುದೇ ನಿಶ್ಚಯವಾದರೆ ಬದಲಿ ಮಾರ್ಗದ ನಿಜವಾದ ವೇಳೆಯನ್ನು ಕೈಯಾರೆ ಲೆಕ್ಕ ಹಾಕಿ ನೋಡಬೇಕು. ಹೆದ್ದಾರಿಯ ಮೂಲಕ 300 ಕಿಲೋಮೀಟರ್ ದೂರವನ್ನು ಸರಾಸರಿ 90 ಕಿ.ಮೀ. ವೇಗದಲ್ಲಿ 3 ಗಂಟೆ 20 ನಿಮಿಷದಲ್ಲಿ ಕ್ರಮಿಸುತ್ತಿದ್ದೆವು ಎಂದುಕೊಳ್ಳೋಣ. ಬದಲಿ ಮಾರ್ಗ 380 ಕಿಲೋಮೀಟರ್ ಇದ್ದು, ಊರುಗಳು, ತಿರುವುಗಳು ಮತ್ತು ಲಾರಿಗಳ ಸಾಲಿನ ನಡುವೆ ಸರಾಸರಿ ವೇಗ 55ಕ್ಕೆ ಇಳಿದರೆ, ಬರಿಯ ಚಾಲನೆಗೇ 6 ಗಂಟೆ 55 ನಿಮಿಷ ಬೇಕು. ದೂರ ಹೆಚ್ಚಿದ್ದು ಕಾಲು ಭಾಗದಷ್ಟಾದರೆ ವೇಳೆ ಹೆಚ್ಚಿದ್ದು ಇಮ್ಮಡಿ. ಇದಕ್ಕೆ ಇಪ್ಪತ್ತು ನಿಮಿಷಗಳ ಎರಡು ವಿರಾಮ, ಊಟಕ್ಕೆ ಮುಕ್ಕಾಲು ಗಂಟೆ, ದಟ್ಟಣೆಗೆಂದು ಚಾಲನೆಯ ವೇಳೆಯ ಕಾಲು ಭಾಗ, ಅಂದರೆ ಸುಮಾರು ಒಂದೂಮುಕ್ಕಾಲು ಗಂಟೆ ಸೇರಿಸಿದರೆ ಒಟ್ಟು ಹತ್ತು ಗಂಟೆ ದಾಟುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆ ನಾಲ್ಕರ ಹೊತ್ತಿಗೆ ತಲುಪಬಹುದು. ಹತ್ತಕ್ಕೆ ಹೊರಟರೆ ಅಪರಿಚಿತ ರಸ್ತೆಯ ಕೊನೆಯ ಭಾಗವನ್ನು, ದಣಿದ ಚಾಲಕನೊಂದಿಗೆ, ಕತ್ತಲಲ್ಲಿ ಕ್ರಮಿಸಬೇಕಾಗುತ್ತದೆ. ಇಂಥ ಲೆಕ್ಕ ಎಂಟು ಗಂಟೆ ಮೀರಿದರೆ ನಡುವೆ ಒಂದು ರಾತ್ರಿ ತಂಗುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ, ಅದರಲ್ಲೂ ಚಾಲನೆ ಬಲ್ಲವರು ಒಬ್ಬರೇ ಇರುವ ಕುಟುಂಬಕ್ಕೆ.

ಬದಲಿ ಮಾರ್ಗವನ್ನು ಆರಿಸುವಾಗ ಇಲಾಖೆ ಸೂಚಿಸಿದ ದಾರಿಗೆ ಮೊದಲ ಮನ್ನಣೆ ಕೊಡಬೇಕು. ಅದು ಉದ್ದವಿರಬಹುದು, ಆದರೆ ಸೇತುವೆಗಳ ಸಾಮರ್ಥ್ಯ ಮತ್ತು ರಸ್ತೆಯ ಅಗಲವನ್ನು ನೋಡಿಯೇ ಅದನ್ನು ಸೂಚಿಸಿರುತ್ತಾರೆ. ಮೊಬೈಲ್ ನಕ್ಷೆ ತೋರಿಸುವ ಅಡ್ಡದಾರಿಯ ಮೇಲೆ ಅಷ್ಟು ಭರವಸೆ ಇಡಲಾಗದು. 2019ರ ಜೂನ್‌ನಲ್ಲಿ ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣಕ್ಕೆ ಹೋಗುವ ಮುಖ್ಯ ರಸ್ತೆಯಲ್ಲಿ ಅಪಘಾತವಾದಾಗ, ಗೂಗಲ್ ಮ್ಯಾಪ್ಸ್ ತೋರಿಸಿದ ಬದಲಿ ದಾರಿ ಹಿಡಿದ ನೂರರಷ್ಟು ಕಾರುಗಳು ಮಳೆಯಿಂದ ಕೆಸರಾಗಿದ್ದ ಮಣ್ಣು ರಸ್ತೆಯಲ್ಲಿ ಸಿಲುಕಿದವು. ಮುಂದಿನ ಕಾರು ಹೂತುಹೋದ ಮೇಲೆ ಹಿಂದಿನವು ತಿರುಗಲೂ ಜಾಗವಿರಲಿಲ್ಲ. ಮಳೆಗಾಲದಲ್ಲಿ ಡಾಂಬರು ಇಲ್ಲದ ರಸ್ತೆ ಎಷ್ಟೇ ಹತ್ತಿರವೆಂದು ಕಂಡರೂ ಅದನ್ನು ಪಟ್ಟಿಯಿಂದ ತೆಗೆದುಹಾಕುವುದೇ ಲೇಸು.

ಕೆಲವು ಅಡ್ಡದಾರಿಗಳು ಕಾನೂನಿನ ಪ್ರಕಾರವೇ ನಮಗೆ ತೆರೆದಿರುವುದಿಲ್ಲ. ಆಸ್ಟ್ರಿಯದ ಟಿರೋಲ್ ಪ್ರಾಂತ್ಯವು 2019ರಿಂದ ದಟ್ಟಣೆಯ ದಿನಗಳಲ್ಲಿ, ಹಾದುಹೋಗುವ ಪ್ರವಾಸಿಗರು ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗಳಿಗೆ ಇಳಿಯುವುದನ್ನು ನಿಷೇಧಿಸುತ್ತ ಬಂದಿದೆ. ಹೆದ್ದಾರಿಯ ಸಾಲು ಜಾರಿ ಬಂದು ಹಳ್ಳಿಯೊಳಗೆ ನಿಂತಾಗ ಆಂಬುಲೆನ್ಸ್‌ಗೂ ದಾರಿಯಿಲ್ಲದಂತಾಗುತ್ತದೆ ಎಂಬುದು ಅದರ ಹಿಂದಿನ ಕಳವಳ. ಆ ಕಳವಳ ಎಲ್ಲ ಊರುಗಳಿಗೂ ಸಲ್ಲುತ್ತದೆ. ಬದಲಿ ಮಾರ್ಗದ ಊರುಗಳನ್ನು ಶಾಲೆ ಬಿಡುವ ಹೊತ್ತಿನಲ್ಲಿ ದಾಟದಂತೆ ವೇಳೆ ಹೊಂದಿಸಿಕೊಳ್ಳುವುದು ನಮಗೂ ಅಲ್ಲಿನವರಿಗೂ ಹಿತ. ಸುರಂಗವಿರುವ ದಾರಿಯಾದರೆ ಇನ್ನೊಂದನ್ನು ವಿಚಾರಿಸಬೇಕು: ಅಡುಗೆ ಅನಿಲದ ಸಿಲಿಂಡರ್ ಇರುವ ವಾಹನಗಳನ್ನು ಹಲವು ಸುರಂಗಗಳಲ್ಲಿ ಬಿಡುವುದಿಲ್ಲ. ಬಿಡಾರ ಹೂಡಲು ಹೊರಟ ಕುಟುಂಬಗಳು ಇದನ್ನು ಸುರಂಗದ ಬಾಯಲ್ಲಿ ತಿಳಿದುಕೊಳ್ಳುವಂತಾಗಬಾರದು.

ತೀರ್ಮಾನದ ಜಾಗ

ಇಡೀ ಯೋಜನೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬಯಸುವುದು ಇದನ್ನು. ಮುಚ್ಚಿದ ಭಾಗ ಎದುರಾಗುವುದಕ್ಕೆ ಸಾಕಷ್ಟು ಮೊದಲು, ಮುಖ್ಯ ದಾರಿ ಮತ್ತು ಬದಲಿ ದಾರಿಗಳು ಕವಲೊಡೆಯುವ ಕೊನೆಯ ಜಾಗ ಒಂದಿರುತ್ತದೆ. ಅದನ್ನು ದಾಟಿದ ಮೇಲೆ ಮನಸ್ಸು ಬದಲಿಸಿದರೆ ಬಂದಷ್ಟೇ ದೂರ ಹಿಂದಿರುಗಬೇಕಾಗುತ್ತದೆ. ಆ ಕವಲನ್ನು ಮನೆಯಲ್ಲೇ ಗುರುತಿಸಿ, ಅದಕ್ಕೆ ಅರ್ಧ ಗಂಟೆ ಮುಂಚಿನ ಪೆಟ್ರೋಲ್ ಬಂಕ್ ಅಥವಾ ಹೋಟೆಲೊಂದನ್ನು ಮೊದಲ ವಿರಾಮದ ಜಾಗವಾಗಿ ಇಟ್ಟುಕೊಳ್ಳಬೇಕು. ಅಲ್ಲಿ ಮಕ್ಕಳು ಕಾಲು ಚಾಚಲಿ, ಹಿರಿಯರು ಶೌಚಕ್ಕೆ ಹೋಗಿ ಬರಲಿ, ವಾಹನದ ಟ್ಯಾಂಕ್ ತುಂಬಲಿ. ಅಷ್ಟರಲ್ಲಿ ಒಬ್ಬರು ಸಂಚಾರದ ಆ ಹೊತ್ತಿನ ಸ್ಥಿತಿಯನ್ನು ನೋಡಿ ಮೂರರಲ್ಲಿ ಒಂದನ್ನು ತೀರ್ಮಾನಿಸಲಿ: ಇದೇ ದಾರಿ, ಬದಲಿ ದಾರಿ, ಅಥವಾ ಇಲ್ಲೇ ತಂಗುವುದು. ಬದಲಿ ದಾರಿಯಲ್ಲಿ ಇಷ್ಟಕ್ಕಿಂತ ಹೆಚ್ಚು ವಿಳಂಬ ಕಂಡರೆ ಮುಂದೆ ಹೋಗುವುದಿಲ್ಲ ಎಂಬ ಮಿತಿಯನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಂಡಿರಬೇಕು. ದಟ್ಟಣೆಯ ನಡುವೆ, ಮಗು ಅಳುತ್ತಿರುವಾಗ ತೆಗೆದುಕೊಳ್ಳುವ ನಿರ್ಧಾರಕ್ಕಿಂತ ಮನೆಯ ಜಗಲಿಯಲ್ಲಿ ತೆಗೆದುಕೊಂಡ ನಿರ್ಧಾರವೇ ಮೇಲು.

ಗುಡ್ಡಗಾಡಿನ ಬದಲಿ ಮಾರ್ಗಗಳಲ್ಲಿ ಮೊಬೈಲ್ ಸಿಗ್ನಲ್ ನಿಲ್ಲುವುದರಿಂದ ಆ ಭಾಗದ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿರಬೇಕು. ವಿದ್ಯುತ್ ವಾಹನದವರು ಬದಲಿ ಮಾರ್ಗದಲ್ಲಿ ಚಾರ್ಜಿಂಗ್ ಕೇಂದ್ರ ಎಲ್ಲಿದೆ ಎಂಬುದನ್ನಷ್ಟೇ ನೋಡಿದರೆ ಸಾಲದು; ಅದು ಕೆಲಸ ಮಾಡುತ್ತಿದೆಯೇ ಎಂದೂ ವಿಚಾರಿಸಬೇಕು.

ವಾಹನದೊಳಗಿನವರು

ಕೂಸುಗಳನ್ನು ಕಾರಿನ ಸೀಟಿನಲ್ಲಿ ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಕೂರಿಸಬಾರದು ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ಹಸುಗೂಸುಗಳಿಗೆ ಈ ಅವಧಿ ಇನ್ನೂ ಕಡಿಮೆ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕದಲದೆ ಕೂತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಾಗುವುದರಿಂದ, ವಯಸ್ಸಾದವರು, ಗರ್ಭಿಣಿಯರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಮುಂಚಿತವಾಗಿ ವೈದ್ಯರನ್ನು ಕೇಳಿಕೊಂಡು, ಪ್ರತಿ ವಿರಾಮದಲ್ಲೂ ಇಳಿದು ನಡೆಯಬೇಕು. ಅಂಕುಡೊಂಕಿನ ದಾರಿಯಲ್ಲಿ ವಾಂತಿ ಬರುವವರಿಗೆ ಮಾತ್ರೆಯನ್ನು ತಿರುವುಗಳು ಶುರುವಾಗುವುದಕ್ಕೆ ಮೊದಲೇ ಕೊಟ್ಟಿರಬೇಕು. ಹೊಟ್ಟೆ ತೊಳಸಲು ತೊಡಗಿದ ಮೇಲೆ ಅದರಿಂದ ಪ್ರಯೋಜನ ಕಡಿಮೆ. ಆ ಭಾಗ ಮುಗಿಯುವವರೆಗೆ ಮಕ್ಕಳ ಕೈಯಿಂದ ಮೊಬೈಲ್ ಮತ್ತು ಪುಸ್ತಕ ತೆಗೆದಿಟ್ಟು, ದೂರದ ಬೆಟ್ಟವನ್ನೋ ಮುಂದಿನ ರಸ್ತೆಯನ್ನೋ ನೋಡುವಂತೆ ಹೇಳಬೇಕು.

ಬದಲಿ ಮಾರ್ಗವೂ ಕಟ್ಟಿಹೋಗಬಹುದು ಎಂಬುದನ್ನು ಮರೆಯದೆ ಸಾಮಾನು ಕಟ್ಟಬೇಕು. ಅಮೆರಿಕದ ವರ್ಜೀನಿಯಾದಲ್ಲಿ 2022ರ ಜನವರಿ 3ರಂದು ಬಿದ್ದ ಹಿಮದಿಂದ 95ನೇ ಹೆದ್ದಾರಿಯಲ್ಲಿ ನೂರಾರು ವಾಹನಗಳು ಸಿಲುಕಿದವು. ಕೆಲವರು 24 ಗಂಟೆಗೂ ಹೆಚ್ಚು ಕಾಲ ಅಲ್ಲೇ ಉಳಿಯಬೇಕಾಯಿತು. ಸಾಲಿನಲ್ಲಿ ನಿಂತಿದ್ದ ಬ್ರೆಡ್ ಲಾರಿಯೊಂದರ ಬಾಗಿಲು ತೆರೆಸಿ ಸುತ್ತಲಿನ ಕಾರುಗಳಿಗೆ ಬ್ರೆಡ್ ಹಂಚಲಾಯಿತು. ಎಲ್ಲರ ಪಕ್ಕದಲ್ಲೂ ಬ್ರೆಡ್ ಲಾರಿ ಇರುವುದಿಲ್ಲ. ಕುಡಿಯುವ ನೀರು, ಕೆಡದ ತಿಂಡಿ, ಎರಡು ದಿನಕ್ಕೆ ಹೆಚ್ಚುವರಿಯಾಗಿ ಔಷಧ, ಕೂಸಿಗೆ ಬೇಕಾದ ಹಾಲಿನ ಪುಡಿ ಮತ್ತು ಡೈಪರ್, ಹೊದಿಕೆ, ಟಾರ್ಚ್, ಮೊಬೈಲ್ ಚಾರ್ಜರ್ ಇವು ಡಿಕ್ಕಿಯ ತಳದಲ್ಲಿರದೆ ಕೈಗೆಟಕುವಂತಿರಬೇಕು. ಹಿಮದಲ್ಲಿ ಸಿಲುಕಿ ಬಿಸಿಗಾಗಿ ಎಂಜಿನ್ ಚಾಲೂ ಇಡುವವರು ಹೊಗೆ ಕೊಳವೆಯ ಬಾಯಿ ಮುಚ್ಚಿಲ್ಲವೆಂಬುದನ್ನು ಆಗಾಗ ಇಳಿದು ನೋಡಲೇಬೇಕು. ಅದು ಮುಚ್ಚಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿ ಪ್ರಾಣಕ್ಕೇ ಎರವಾಗುತ್ತದೆ.

ಬುಕ್ಕಿಂಗ್, ವಿಮೆ ಮತ್ತು ವಾಪಸಾತಿ

ತಂಗುವ ಜಾಗಕ್ಕೆ ಕರೆ ಮಾಡಿ, ತಡವಾಗಿ ಬಂದರೆ ಬಾಗಿಲು ತೆರೆಯುವವರು ಇರುತ್ತಾರೆಯೇ, ದಿನ ಬದಲಿಸಲು ಯಾವಾಗಿನವರೆಗೆ ಅವಕಾಶವಿದೆ ಎಂದು ಕೇಳಿ, ಉತ್ತರವನ್ನು ಸಂದೇಶದ ರೂಪದಲ್ಲಿ ಪಡೆದುಕೊಳ್ಳಬೇಕು. ಕೆಲವೊಮ್ಮೆ ಬದಲಿ ಮಾರ್ಗದ ಬಗ್ಗೆ ನಕ್ಷೆಗೆ ತಿಳಿಯದ ಸಂಗತಿಗಳು ಸಿಗುವುದೂ ಇದೇ ಕರೆಯಲ್ಲಿ. ಪ್ರವಾಸದ ವಿಮೆಯನ್ನು ನೆಚ್ಚಿಕೊಂಡವರು ಒಂದನ್ನು ತಿಳಿದಿರಬೇಕು: ರಸ್ತೆ ಮುಚ್ಚುವ ಸುದ್ದಿ ಪ್ರಕಟವಾದ ಬಳಿಕ ಕೊಂಡ ವಿಮೆಯು ಆ ಕಾರಣದಿಂದಾಗುವ ನಷ್ಟವನ್ನು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ, ಏಕೆಂದರೆ ಅದು ಮೊದಲೇ ತಿಳಿದಿದ್ದ ಸಂಗತಿಯೆನಿಸುತ್ತದೆ.

ಹೋಗುವ ದಾರಿಗೆ ಮಾಡಿದ ಲೆಕ್ಕವನ್ನೇ ಬರುವ ದಾರಿಗೂ ಅನ್ವಯಿಸಬಾರದು. ಒಂದು ದಿಕ್ಕಿನ ನಿರ್ಬಂಧವಿದ್ದರೆ ಮರಳುವ ದಾರಿ ಬೇರೆಯೇ ಆಗಿರಬಹುದು. ಅಷ್ಟರಲ್ಲಿ ಕಾಮಗಾರಿ ಇನ್ನೊಂದು ಪಥಕ್ಕೆ ಸರಿದಿರಬಹುದು. ರಜೆಯ ಕೊನೆಯ ಸಂಜೆ ಎಲ್ಲರೂ ಒಂದೇ ಕಡೆ ಮುಖ ಮಾಡಿರುತ್ತಾರೆ. ಹೊರಡುವ ಹಿಂದಿನ ದಿನ ಇಲಾಖೆಯ ಪ್ರಕಟಣೆಯನ್ನು ಹೊಸದಾಗಿ ಓದಿ, ಆ ಕಡೆಯಿಂದ ಕವಲೊಡೆಯುವ ಜಾಗ ಯಾವುದೆಂದು ಗುರುತಿಸಿ, ಅದಕ್ಕೂ ಮುಂಚೆ ಒಂದು ವಿರಾಮವನ್ನು ಗೊತ್ತುಮಾಡಿಕೊಳ್ಳಬೇಕು. ಸಾಧ್ಯವಿದ್ದವರು ಮರುದಿನ ಬೆಳಿಗ್ಗೆ ಶಾಲೆ, ಕಚೇರಿ ಇಲ್ಲದಂತೆ ಒಂದು ದಿನದ ರಜೆಯನ್ನು ಕೈಯಲ್ಲಿ ಉಳಿಸಿಕೊಂಡಿದ್ದರೆ, ರಾತ್ರಿಯಿಡೀ ವಾಹನ ಓಡಿಸಿ ಮನೆ ಸೇರಲೇಬೇಕಾದ ಒತ್ತಡ ಚಾಲಕನ ಮೇಲೆ ಬೀಳುವುದಿಲ್ಲ.