ಶಹಾಬಾದ್ ಕಲ್ಲಿನ ಮೇಲೆ ಬೆರಳಿನ ರಕ್ತದ ಓಟ

ಲೇಸರ್ ಬೆಳಕು ಚರ್ಮದ ಮೇಲೆ ಬಿದ್ದರೆ ಮರಳು ಚೆಲ್ಲಿದಂತೆ ಮಿನುಗುವ ಚುಕ್ಕೆಗಳು ಕಾಣುತ್ತವೆ. ಇದೇ ಸ್ಪೆಕಲ್. ಚರ್ಮದಡಿ ರಕ್ತಕಣಗಳು ಓಡುವಾಗ ಚುಕ್ಕೆಗಳೂ ಕದಲಿ, ಚಿತ್ರದಲ್ಲಿ ಮಸುಕಾಗುತ್ತವೆ. ಮಸುಕಾದಷ್ಟೂ ಕಾಂಟ್ರಾಸ್ಟ್, ಅಂದರೆ ಚುಕ್ಕೆಗಳ ಬೆಳಕು ಕತ್ತಲೆಗಳ ವ್ಯತ್ಯಾಸ, ಕಡಿಮೆ. ಅದನ್ನು ಅಳೆದು ರಕ್ತದ ಓಟ ತಿಳಿಯುವ, ವಿಜ್ಞಾನಿಗಳಾದ ಫರ್ಚರ್ ಮತ್ತು ಬ್ರಯರ್ಸ್ 1981ರಲ್ಲಿ ಮುಂದಿಟ್ಟ ಈ ಉಪಾಯವನ್ನು ಕಲಬುರಗಿಯ ಕಾಲೇಜು ಪ್ರಯೋಗಾಲಯದಲ್ಲೂ ಮಾಡಿ ನೋಡಬಹುದು.

ಮೊದಲು ಮೇಜಿನ ಮೇಲೆ ಶಹಾಬಾದ್ ಕಲ್ಲಿನ ತುಂಡೊಂದನ್ನು ಹಾಸಿ, ಅದರ ಮೇಲೆ ಬೆರಳಿಡಿಸಿ. ಕಲ್ಲೂ ಚಿತ್ರದಲ್ಲಿ ಬರಲಿ. ಅದರೊಳಗೆ ಏನೂ ಹರಿಯುವುದಿಲ್ಲ. ಕಲ್ಲಿನ ಕಾಂಟ್ರಾಸ್ಟ್ ಕೂಡ ದಿಢೀರನೆ ಇಳಿದರೆ ಕ್ಯಾಮೆರಾವೋ ಮೇಜೋ ಅಲುಗಿದೆ ಎಂದರ್ಥ. ಫ್ಯಾನ್ ಆರಿಸಿ. ನಮ್ಮ ಏಪ್ರಿಲ್‌ನಲ್ಲಿ ಇದು ಶಿಕ್ಷೆಯೇ. ಸೆಕೆಗೆ ಚರ್ಮದ ರಕ್ತಸಂಚಾರವೂ ಹೆಚ್ಚುವುದರಿಂದ ಬೆಳಗಿನ ಹೊತ್ತೇ ವಾಸಿ.

1 ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿಯ ಕೆಂಪು ಲೇಸರ್ ಸಾಕು. ಮಸೂರದಿಂದ ಬೆಳಕನ್ನು ಹರಡಿ, ಕಣ್ಣಿಗೆ ತಾಗಿಸಬೇಡಿ.

ಹೆಚ್ಚಿನವರು ಎಡವುವುದು ಕ್ಯಾಮೆರಾದಲ್ಲಿ. ಒಂದು ಚುಕ್ಕೆ ಕನಿಷ್ಠ ಎರಡು ಪಿಕ್ಸೆಲ್ ಅಗಲವಿರಬೇಕು. ಚುಕ್ಕೆಯ ಗಾತ್ರ ತಿಳಿಯಲು 2.44, ಬೆಳಕಿನ ತರಂಗಾಂತರ, ಎಫ್ ಸಂಖ್ಯೆ (ಮಸೂರದ ಬಾಯಿ ಕಿರಿದಾದಷ್ಟೂ ಇದು ದೊಡ್ಡದು), ವರ್ಧನೆಗೆ (ವಸ್ತುವಿಗೆ ಹೋಲಿಸಿದರೆ ಕ್ಯಾಮೆರಾದೊಳಗಿನ ಬಿಂಬ ಎಷ್ಟು ಪಟ್ಟು ಎಂಬುದಕ್ಕೆ) ಒಂದು ಕೂಡಿಸಿದ ಮೊತ್ತ, ಇವನ್ನು ಗುಣಿಸಿ. 0.65 ಮೈಕ್ರಾನ್ ಬೆಳಕು, ಎಫ್ 8, ವರ್ಧನೆ 0.1 ಆದರೆ ಸುಮಾರು 14 ಮೈಕ್ರಾನ್. 5 ಮೈಕ್ರಾನಿನ ಪಿಕ್ಸೆಲ್‌ಗೆ ಇದು ಧಾರಾಳ. ಬೆಳಕು ಸಾಲದೆಂದು ಎಫ್ 2ಕ್ಕೆ ತೆರೆದಿರೋ, ಚುಕ್ಕೆ ಒಂದು ಪಿಕ್ಸೆಲ್‌ಗಿಂತ ಚಿಕ್ಕದಾಗುತ್ತದೆ, ರಕ್ತ ಹರಿಯದಿದ್ದರೂ ಕಾಂಟ್ರಾಸ್ಟ್ ಬೀಳುತ್ತದೆ. ಎಕ್ಸ್‌ಪೋಷರ್, ಅಂದರೆ ಒಂದು ಚಿತ್ರಕ್ಕೆ ಬೆಳಕು ಬೀಳುವ ಅವಧಿ, 5ರಿಂದ 10 ಮಿಲಿಸೆಕೆಂಡ್ ಇರಲಿ. ಆಟೋ ಹೊಂದಾಣಿಕೆಗಳೆಲ್ಲ ಬಂದ್. ಜೆಪೆಗ್ ಬೇಡವೇ ಬೇಡ, ಚಿತ್ರವನ್ನು ಕುಗ್ಗಿಸುವಾಗ ಅದು ಅಳೆಯಬೇಕಾದ ಚುಕ್ಕೆಗಳನ್ನೇ ಒರೆಸುತ್ತದೆ.

ಲೆಕ್ಕ ಸುಲಭ. ಮುಚ್ಚಳ ಹಾಕಿ ತೆಗೆದ ಕತ್ತಲೆ ಚಿತ್ರವನ್ನು ಮೊದಲು ಕಳೆಯಿರಿ. ಬಳಿಕ 7 ಸಾಲು, 7 ಕಂಬದ ಚೌಕವನ್ನು ಚಿತ್ರದುದ್ದಕ್ಕೂ ಸರಿಸುತ್ತ, ಪ್ರತಿ ಜಾಗದಲ್ಲೂ ಪಿಕ್ಸೆಲ್ ಮೌಲ್ಯಗಳ ಮಾನಕ ವಿಚಲನೆಯನ್ನು (ಮೌಲ್ಯಗಳು ಸರಾಸರಿಯ ಸುತ್ತ ಎಷ್ಟು ಚೆದುರಿವೆ ಎಂಬ ಅಳತೆ) ಸರಾಸರಿಯಿಂದ ಭಾಗಿಸಿ. ವಿಚಲನೆ 24, ಸರಾಸರಿ 120 ಇದ್ದರೆ ಕಾಂಟ್ರಾಸ್ಟ್ 0.2. 1ನ್ನು ಈ ಕಾಂಟ್ರಾಸ್ಟ್‌ನ ವರ್ಗದಿಂದ ಭಾಗಿಸಿದರೆ 25, ಇದು ಹರಿವಿನ ಸೂಚ್ಯಂಕ.

ಪರೀಕ್ಷೆಗೆ, ಆರೋಗ್ಯವಂತರೊಬ್ಬರ ತೋಳಿಗೆ ಬಿಪಿ ಪಟ್ಟಿ ಕಟ್ಟಿ, ತಿಳಿದವರ ಎದುರಿನಲ್ಲೇ ಒಂದು ನಿಮಿಷ ಬಿಗಿಗೊಳಿಸಿ. ಬೆರಳಿನ ಕಾಂಟ್ರಾಸ್ಟ್ ಏರುತ್ತದೆ. ಆದರೂ ಕಲ್ಲಿನ ಮಟ್ಟ ಮುಟ್ಟುವುದಿಲ್ಲ: ಹರಿವು ನಿಂತರೂ ಕಣಗಳು ಕುಳಿತಲ್ಲೇ ಕದಲುತ್ತಿರುತ್ತವೆ. ಪಟ್ಟಿ ಸಡಿಲಿಸಿದೊಡನೆ ರಕ್ತ ನುಗ್ಗಿ, ಸೂಚ್ಯಂಕ ಮೊದಲಿಗಿಂತಲೂ ಮೇಲೇರುತ್ತದೆ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಮಾತ್ರ ಈ ಸಂಖ್ಯೆ ಹೇಳಬಲ್ಲದು. ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಎಂದು ಅದರಿಂದ ಬರೆದುಕೊಳ್ಳಬೇಡಿ.