ಬಳ್ಳಾರಿ ಬಿಸಿಲಲ್ಲಿ 24 ಡಿಗ್ರಿ: ಸೆಕ್18 ಯೀಸ್ಟ್, ನನ್ನ ಅನುಭವ

ಕೂಲಿಂಗ್ ಇರುವ ಶೇಕರ್ (ಸೆಲ್ ಬೆಳೆಸುವಾಗ ಅಲುಗಾಡಿಸುವ ಯಂತ್ರ) ಇಲ್ಲದೆ ಬಳ್ಳಾರಿಯಲ್ಲಿ ಸೆಕ್ ತಳಿ ಬೆಳೆಸೋಕೆ ಆಗಲ್ಲ ಅಂದವರೇ ಹೆಚ್ಚು. ಸೆಕ್ ಅಂದರೆ ಪ್ರೋಟೀನನ್ನು ಹೊರಗೆ ಕಳುಹಿಸುವ ದಾರಿ ಕೆಟ್ಟ ಯೀಸ್ಟ್ ಮ್ಯುಟೆಂಟ್; ಸೆಕ್18 24 ಡಿಗ್ರಿಯಲ್ಲಿ ಬೆಳೆಯುತ್ತದೆ, 37ರಲ್ಲಿ ಆ ದಾರಿ ಮುಚ್ಚುತ್ತದೆ. ಆ ಶೇಕರಿಗೆ ಲಕ್ಷಗಳ ಮಾತು. ನಮ್ಮದು ಕೌಲ್‌ಬಜಾರಿನಿಂದ ತಂದ ಹಳೆ ಸಿಂಗಲ್ ಡೋರ್ ಫ್ರಿಜ್, ಒಂದು ಡಿಜಿಟಲ್ ಕಂಟ್ರೋಲರ್, ಒಂದು ಅಕ್ವೇರಿಯಂ ಪಂಪು. ಎಲ್ಲ ಸೇರಿ ಐದಾರು ಸಾವಿರ. ಇನ್ವರ್ಟೇಸ್ (ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯಲು ಯೀಸ್ಟ್ ಹೊರಗೆ ಕಳುಹಿಸುವ ಕಿಣ್ವ) ಫಲಿತಾಂಶ ಬಂದದ್ದು ಏಪ್ರಿಲ್ ಬಿಸಿಲಲ್ಲೇ.

ಕಂಟ್ರೋಲರಿನ ಪ್ರೋಬ್ ಗಾಳಿಯಲ್ಲಿ ತೂಗುಬಿಟ್ಟರೆ ಕಂಪ್ರೆಸರ್ ಮೇಲಿಂದ ಮೇಲೆ ಹತ್ತಿ ಆರುತ್ತದೆ. ದೊಡ್ಡ ತೊಟ್ಟಿಯ ನೀರಲ್ಲಿ ಮುಳುಗಿಸಿದರೆ ತಡವಾಗಿ ಎಚ್ಚೆತ್ತು 20ಕ್ಕೆ ಇಳಿಸಿಬಿಡುತ್ತದೆ. ನೀರು ತುಂಬಿದ ಟೆಸ್ಟ್ ಟ್ಯೂಬಿನಲ್ಲಿ ಇಟ್ಟ ಮೇಲೆ ಸರಿಹೋಯಿತು. ತಳದಲ್ಲಿ ಹತ್ತು ಲೀಟರ್ ನೀರಿನ ಕ್ಯಾನ್ ಇದ್ದರೆ ಕರೆಂಟ್ ಹೋದರೂ ಸ್ವಲ್ಪ ಹೊತ್ತು ತಡೆಯುತ್ತದೆ. ಶೇಕರ್ ಬದಲು ಸೆಲ್ಲಿಗೆ ಗಾಳಿ ಊದುವ ಪಂಪು ಹೊರಗಿರುವುದರಿಂದ ಬರುವುದು ಸುಡುಗಾಳಿ. ಅದನ್ನು ಫ್ರಿಜ್ಜಿನೊಳಗಿನ ಸ್ಟೆರೈಲ್ ನೀರಿನ ಬಾಟಲಿಯ ಮೂಲಕ ಹಾಯಿಸಬೇಕು. 0.2 ಮೈಕ್ರಾನ್ ಫಿಲ್ಟರ್ ಮೊದಲು, ನೀರು ಆಮೇಲೆ. ಹಿಂದುಮುಂದಾದರೆ ಫಿಲ್ಟರ್ ಒದ್ದೆಯಾಗಿ ಕಟ್ಟಿಕೊಳ್ಳುತ್ತದೆ. ವೈಪಿ (ಯೀಸ್ಟ್ ಸಾರ, ಪೆಪ್ಟೋನ್) ಮಾಧ್ಯಮದಲ್ಲಿ ಏಳುವ ನೊರೆಗೆ ನಮ್ಮದೇ ಒಂದು ಉಪಾಯವಿದೆ, ಅದು ಸದ್ಯ ನಮ್ಮಲ್ಲೇ ಇರಲಿ.

37 ಸುಲಭ ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಕೋಣೆಯೇ 38–40 ಇದ್ದಾಗ ವಾಟರ್ ಬಾತ್ ಕೂಡ ಅಷ್ಟಕ್ಕೇ ಏರಿ ನಿಲ್ಲುತ್ತದೆ, ಹೀಟರ್ ಆರಿದ್ದರೂ. 40 ದಾಟಿದರೆ ವೈಲ್ಡ್ ಟೈಪೇ (ಮ್ಯುಟೆಂಟ್ ಅಲ್ಲದ ಮಾಮೂಲಿ ಯೀಸ್ಟ್) ಏಟು ತಿನ್ನುತ್ತದೆ, ಹೋಲಿಕೆಗೆ ಅರ್ಥವಿರುವುದಿಲ್ಲ. ಐಸ್ ಬಾಟಲಿ ಹಾಕಿ ಹಾಕಿ 37 ಹಿಡಿದೆವು. ತಳಿಯನ್ನು ಬೆಚ್ಚಗೆ ಬಿಟ್ಟರೆ ರಿವರ್ಟೆಂಟುಗಳು (ದೋಷ ಕಳೆದುಕೊಂಡು 37ರಲ್ಲೂ ಬೆಳೆಯುವ ಸೆಲ್ಲುಗಳು) ಗೆದ್ದುಬಿಡುತ್ತವೆ. ಪ್ರತಿ ಸಲ 24 ಮತ್ತು 37ರ ಪ್ಲೇಟಿನಲ್ಲಿ ಗೀರಿ ನೋಡಿಯೇ ಮುಂದಕ್ಕೆ ಹೋಗಿ.

2% ಗ್ಲೂಕೋಸಿನಲ್ಲಿ ಬೆಳೆಸಿ, ತೊಳೆದು, 0.1%ಗೆ ಹಾಕಿ (ಗ್ಲೂಕೋಸ್ ಇಳಿದರೇ ಇನ್ವರ್ಟೇಸ್ ಚೆನ್ನಾಗಿ ತಯಾರಾಗುವುದು), ಎರಡು ಪಾಲು ಮಾಡಿ, ಒಂದು 24ಕ್ಕೆ, ಒಂದು 37ಕ್ಕೆ. ಇಲ್ಲಿ ಓಡಿ (ಸೆಲ್ ದಟ್ಟಣೆಯ ಅಳತೆ) 0.5 ಮೀರದಂತೆ ನೋಡಿಕೊಳ್ಳಿ. ಸೆಲ್ ಹೆಚ್ಚಾದರೆ ಆ ಚೂರು ಗ್ಲೂಕೋಸ್ ಬೇಗ ಖಾಲಿ. ಶಕ್ತಿ ಇಲ್ಲದೆ ವೆಸಿಕಲ್ (ಪ್ರೋಟೀನ್ ಹೊತ್ತೊಯ್ಯುವ ಸಣ್ಣ ಚೀಲ) ಸಾಗಣೆ ನಿಂತು, ವೈಲ್ಡ್ ಟೈಪೂ ಮ್ಯುಟೆಂಟಿನಂತೆ ಕಾಣುತ್ತದೆ. ಒಂದೂವರೆ ಗಂಟೆ ಬಿಟ್ಟು ಐಸಿಗಿಟ್ಟು, 10 ಮಿಲಿಮೋಲಾರ್ ಸೋಡಿಯಂ ಅಜೈಡಿನಲ್ಲಿ (ಸೆಲ್ಲಿನ ಕೆಲಸ ನಿಲ್ಲಿಸುವ ವಿಷ) ತೊಳೆಯಿರಿ.

ಹಣ ಉಳಿದದ್ದು ಗ್ಲೂಕೋಸ್ ಅಳತೆಯಲ್ಲಿ. ರಕ್ತ ಪರೀಕ್ಷೆಯ ಲ್ಯಾಬುಗಳು ಬಳಸುವ ಜಿಒಡಿ-ಪಿಒಡಿ (ಗ್ಲೂಕೋಸ್ ಆಕ್ಸಿಡೇಸ್-ಪೆರಾಕ್ಸಿಡೇಸ್) ಕಿಟ್ಟೇ ಸಾಕು, 505 ನ್ಯಾನೋಮೀಟರಿನಲ್ಲಿ ಓದಿ. ಅದಕ್ಕೂ ಮೊದಲು ಸೆಲ್ಲಿಗೆ: ಅಸಿಟೇಟ್ ಬಫರ್ ಪಿಎಚ್ 4.9, ಸುಕ್ರೋಸ್ ಸುಮಾರು 0.1 ಮೋಲಾರ್, 37ರಲ್ಲಿ ಹತ್ತಿಪ್ಪತ್ತು ನಿಮಿಷ. ಆಮೇಲೆ ಡೈಪೊಟ್ಯಾಸಿಯಂ ಫಾಸ್ಫೇಟ್ ಹಾಕಿ ಮೂರು ನಿಮಿಷ ಕುದಿಸಿ ಕ್ರಿಯೆ ನಿಲ್ಲಿಸಿ. ಅಜೈಡ್ ಪೆರಾಕ್ಸಿಡೇಸಿಗೆ ವಿಷ. ಬಣ್ಣ ಸಾಲದು ಅಂತ ಸ್ಯಾಂಪಲ್ ಜಾಸ್ತಿ ಹಾಕಿದಷ್ಟೂ ಬಣ್ಣ ಇನ್ನೂ ಕುಗ್ಗುತ್ತದೆ. ಸ್ಟಾಂಡರ್ಡಿಗೂ ಅಷ್ಟೇ ಅಜೈಡ್ ಸೇರಿಸಿ.

ಇಡೀ ಸೆಲ್ ಕೊಡುವುದು ಹೊರಗಿನ ಇನ್ವರ್ಟೇಸ್. 0.1% ಟ್ರೈಟನ್ ಎಕ್ಸ್-100 (ಪೊರೆ ಒಡೆಯುವ ಮಾರ್ಜಕ) ಹಾಕಿ ಹೆಪ್ಪುಗಟ್ಟಿಸಿ ಕರಗಿಸಿದರೆ ಒಟ್ಟು ಲೆಕ್ಕ, ಕಳೆದರೆ ಒಳಗಿನದು. ಹೆಪ್ಪುಗಟ್ಟಿಸಲು ದ್ರವ ಸಾರಜನಕ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ: ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳಿಗಾಗಿ ಪಶುವೈದ್ಯರ ಬಳಿ ಅದು ಇದ್ದೇ ಇರುತ್ತದೆ, ಕೇಳಿ ನೋಡಿ.

ನೆನಪಿನ ಲೆಕ್ಕದಲ್ಲಿ, ವೈಲ್ಡ್ ಟೈಪಿನಲ್ಲಿ ನೂರಕ್ಕೆ ತೊಂಬತ್ತು ಹೊರಗೆ. ನಮ್ಮ ಮ್ಯುಟೆಂಟ್ ಸೆಕ್18-1ರಲ್ಲಿ 37ಕ್ಕೆ ಹದಿನೈದಿಪ್ಪತ್ತು ಮಾತ್ರ. ಅನುಮಾನ ಪಟ್ಟವರಿಗೆ ಜೆಲ್ ತೋರಿಸಿದೆ. ನೇಟಿವ್ ಜೆಲ್ಲನ್ನು (ಕಿಣ್ವ ಕೆಡದಂತೆ ಪ್ರೋಟೀನ್ ಬೇರ್ಪಡಿಸುವ ಜೆಲ್) ಸುಕ್ರೋಸಿನಲ್ಲಿ ನೆನೆಸಿ, ಅರ್ಧ ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ 0.1% ಟಿಟಿಸಿ ಬಣ್ಣಕಾರಕ ಹಾಕಿ ಕುದಿಸಿದರೆ ಕೆಂಪು ಪಟ್ಟೆ ಏಳುತ್ತದೆ, ಆಂಟಿಬಾಡಿ ಖರ್ಚಿಲ್ಲ. ಸೆಕ್18, ಪ್ರೋಟೀನಿನ ದಾರಿ ಶುರುವಾಗುವ ಇಆರ್‌ನಲ್ಲೇ ತಡೆಯುವುದರಿಂದ ಇನ್ವರ್ಟೇಸಿಗೆ ಅಂಟುವ ಸಕ್ಕರೆ ಸರಪಳಿ ಚಿಕ್ಕದು, ಪಟ್ಟೆ ಬಿಗಿ. ವೆಸಿಕಲ್ಲುಗಳೇ ಗುಡ್ಡೆಯಾಗುವ ಸೆಕ್1 ಎಂಬ ಬೇರೆ ತಳಿಯಲ್ಲಿ ಆ ಪಟ್ಟೆ ಮೇಲಕ್ಕೆ ಹರಡಿದ ಮಸುಕು.

ಮೆಂಬ್ರೇನ್ ಪ್ರೋಟೀನಿಗೆ ಇದೇ ಲೆಕ್ಕ ಹಚ್ಚಬೇಡಿ. ಇನ್ವರ್ಟೇಸ್ ಹೋಗುವುದು ಭಾರದ ವೆಸಿಕಲ್ಲಿನಲ್ಲಿ, ಪಿಎಂಎ1 ಎಂಬ ಮೆಂಬ್ರೇನ್ ಪ್ರೋಟೀನ್ ಹಗುರದ್ದರಲ್ಲಿ. ಮೈಕ್ರೋಸ್ಕೋಪಿಲ್ಲದೆ ಗ್ಯಾಪ್1 (ಅಮೈನೋ ಆಮ್ಲ ಒಳಗೆಳೆಯುವ ಮೆಂಬ್ರೇನ್ ಪ್ರೋಟೀನ್) ನೋಡಲು ಡಿ-ಹಿಸ್ಟಿಡಿನ್ ಪ್ಲೇಟ್ ಮಾಡಿದ್ದೆ: ಸಾರಜನಕಕ್ಕೆ ಪ್ರೋಲಿನ್ ಮಾತ್ರ ಇದ್ದರೆ ಗ್ಯಾಪ್1 ಸೆಲ್ ಮೇಲ್ಮೈಗೆ ಬಂದು ವಿಷ ಒಳಗೆಳೆದು ಸೆಲ್ ಬೆಳೆಯುವುದಿಲ್ಲ, ಅಮೋನಿಯಂ ಕೊಟ್ಟರೆ ಗ್ಯಾಪ್1 ಸೆಲ್ಲಿನೊಳಗಿನ ಚೀಲವಾದ ವ್ಯಾಕ್ಯೂಲಿಗೆ ತಿರುಗಿ ಸೆಲ್ ಬದುಕುತ್ತದೆ. ಎಸ್288ಸಿ (ಲ್ಯಾಬುಗಳ ಮಾಮೂಲಿ ಯೀಸ್ಟ್) ಮೂಲದ ತಳಿಯಲ್ಲಿ ಅಮೋನಿಯಂ ಹಿಡಿತ ಸಡಿಲ, ವ್ಯತ್ಯಾಸ ಮಸುಕಾಗಿಯೇ ಬಂತು. ಇದಕ್ಕೆ ಸಿಗ್ಮಾ1278ಬಿ ತಳಿಯನ್ನೇ ತರಿಸಿಕೊಳ್ಳಿ.