ಹೊಸ ಮನೆಯಲ್ಲಿ ಬರವಣಿಗೆ ಮತ್ತೆ ಕೈಹತ್ತುವುದು ಹೇಗೆ?

ಸಾಮಾನು ಸಾಗಿಸಿದ್ದಾಯ್ತು. ಬಟ್ಟೆಗಳು ಕಪಾಟು ಸೇರಿದವು, ಅಡುಗೆಮನೆ ಒಂದು ಹದಕ್ಕೆ ಬಂತು. ಆದರೆ ದಿನಾ ಬರೆಯಲು ಕೂರುತ್ತಿದ್ದ ಆ ಒಂದು ಗಂಟೆ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋದಂತಿದೆ, ಅಲ್ವಾ? ನಾನು ಮನೆ ಬದಲಿಸಿದಾಗ ಮೂರು ವಾರ ಒಂದು ಸಾಲೂ ಮುಂದೆ ಹೋಗಲಿಲ್ಲ. ನನಗೆ ಶಿಸ್ತು ಸಾಲದು ಅಂತ ಕೊರಗಿದೆ. ತಪ್ಪು ಶಿಸ್ತಿನದಾಗಿರಲಿಲ್ಲ.

ಅಭ್ಯಾಸ ಅನ್ನೋದು ಜಾಗಕ್ಕೆ ಅಂಟಿಕೊಂಡಿರುತ್ತದೆ. ಅದೇ ಕುರ್ಚಿ, ಅದೇ ಕಿಟಕಿ ಕಂಡ ಕೂಡಲೇ ಮನಸ್ಸು ತಾನಾಗಿ ಕೆಲಸಕ್ಕೆ ತಿರುಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ ವಿದ್ಯಾರ್ಥಿಗಳನ್ನು ಗಮನಿಸಿ 2005ರಲ್ಲಿ ಇದನ್ನೇ ಬರೆದರು. ವ್ಯಾಯಾಮ, ಪತ್ರಿಕೆ ಓದುವುದು, ಟಿವಿ ನೋಡುವುದು ಇಂಥ ಅಭ್ಯಾಸಗಳು ಸುತ್ತಲಿನ ಸನ್ನಿವೇಶ ಹಳೆಯದರಂತೆಯೇ ಇದ್ದಾಗ ಉಳಿದವು. ಸನ್ನಿವೇಶ ಬದಲಾದಾಗ ಸಡಿಲವಾದವು.

ಮೊದಲು ಒಂದು ಪಟ್ಟಿ

ಹಳೆಯ ಮನೆಯಲ್ಲಿ ಎಷ್ಟು ಗಂಟೆಗೆ ಬರೆಯುತ್ತಿದ್ದಿರಿ ಅನ್ನೋದನ್ನು ಸದ್ಯ ಬಿಡಿ. ಬರೆಯುವುದಕ್ಕೆ ಮುಂಚಿನ ಹತ್ತು ನಿಮಿಷ ಏನು ಮಾಡುತ್ತಿದ್ದಿರಿ ಎಂದು ನೆನಪಿಸಿಕೊಂಡು ಬರೆದಿಡಿ. ಎಷ್ಟೇ ಸಣ್ಣದಾದರೂ ಬಿಡಬೇಡಿ.

ನನ್ನ ಪಟ್ಟಿ ಹೀಗಿತ್ತು: ಮುಖ ತೊಳೆಯುವುದು, ಕಿಟಕಿಯ ಒಂದೇ ರೆಕ್ಕೆ ತೆರೆಯುವುದು, ಮೇಜಿನ ದೀಪ ಹಚ್ಚುವುದು, ಪೆನ್ನಿನ ಕ್ಯಾಪನ್ನು ಹಿಂಬದಿಗೆ ಸಿಕ್ಕಿಸುವುದು, ನಿನ್ನೆ ಬರೆದ ಕೊನೆಯ ಪ್ಯಾರಾವನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆಯುವುದು. ಇವುಗಳಲ್ಲಿ ಯಾವುದು ಹಳೆಯ ಮನೆಯಲ್ಲೇ ಉಳಿಯಿತು, ಯಾವುದು ಜೊತೆಗೆ ಬರಬಲ್ಲದು ಎಂದು ನೋಡಿ. ಆ ಕಿಟಕಿ ಬರಲಿಲ್ಲ. ದೀಪ ಯಾವುದೋ ಪೆಟ್ಟಿಗೆಯ ತಳದಲ್ಲಿತ್ತು. ಆದರೆ ಕೊನೆಯ ಪ್ಯಾರಾ ನಕಲು ಮಾಡಲು ಹಾಳೆ, ಪೆನ್ನು ಇದ್ದರೆ ಸಾಕಲ್ಲ! ನಾಲ್ಕನೆಯ ವಾರ ಅದೊಂದನ್ನೇ ಮತ್ತೆ ಶುರು ಮಾಡಿದೆ. ಎರಡನೆಯ ದಿನವೇ ನಕಲು ಮುಗಿದ ಮೇಲೂ ಕೈ ನಿಲ್ಲಲಿಲ್ಲ. ಹೊಸ ಸಾಲು ಬಂತು.

ನಿಮಗೂ ಇಂಥದ್ದೊಂದು ಇರುತ್ತದೆ. ಅದನ್ನು ಹುಡುಕುವುದಕ್ಕೆ ಒಂದು ಸಂಜೆ ಕೊಡಿ. ಉಳಿದದ್ದನ್ನೆಲ್ಲ ಆಮೇಲೆ ಸರಿಮಾಡಬಹುದು.

ಮನೆ ಜೋಡಣೆ ಮುಗಿಯಲಿ ಎಂದು ಕಾಯಬೇಡಿ

ಅದು ಬೇಗ ಮುಗಿಯುವ ಕೆಲಸವಲ್ಲ. ಇನ್ನೂ ಹೊರಟಿಲ್ಲವಾದರೆ ನೋಟ್‌ಬುಕ್, ಪೆನ್ನು, ಚಾರ್ಜರ್, ಅರ್ಧ ಬರೆದ ಹಾಳೆಗಳನ್ನು ಒಂದು ಚೀಲಕ್ಕೆ ಹಾಕಿ. ಲಾರಿಗೆ ಏರಿಸದೆ ಕೈಯಲ್ಲೇ ಇಟ್ಟುಕೊಳ್ಳಿ. ಆಗಲೇ ಬಂದಾಗಿದ್ದರೆ ಆ ಪೆಟ್ಟಿಗೆಯನ್ನೇ ಮೊದಲು ಬಿಚ್ಚಿ. ಮೇಜು ಸಿಗುವವರೆಗೆ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಹದಿನೈದು ನಿಮಿಷ ಬರೆದರೂ ನಡೆಯುತ್ತದೆ.

ಜಾಗ ಆರಿಸುವಾಗ

ಮೊದಲ ದಿನವೇ ಮೇಜನ್ನು ಒಂದು ಮೂಲೆಗೆ ನೂಕಿ ಬಿಡಬೇಡಿ. ಒಂದು ವಾರ ಎರಡು ಮೂರು ಕಡೆ ಕೂತು ಬರೆಯಿರಿ. ಬಿಸಿಲು ಯಾವಾಗ ಎಲ್ಲಿಗೆ ಬೀಳುತ್ತದೆ, ಮೇಲಿನ ಮನೆಯ ಸದ್ದು ಎಷ್ಟು ಹೊತ್ತಿಗೆ, ಹೊರಗಿನ ಗಾಡಿಗಳ ಗಲಾಟೆ ಯಾವಾಗ ಜಾಸ್ತಿ ಎಂದು ನೋಟ್‌ಬುಕ್ಕಿನ ಅಂಚಿನಲ್ಲೇ ಗುರುತು ಹಾಕಿ.

ಕಂಪ್ಯೂಟರ್ ಬಳಸುವವರು ಕಿಟಕಿ ಪಕ್ಕಕ್ಕೆ ಬರುವ ಹಾಗೆ ಕೂರಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಪರದೆ ಹೊಳೆಯುತ್ತದೆ. ಎದುರಿಗಿದ್ದರೆ ಕಣ್ಣು ದಣಿಯುತ್ತದೆ. ಕೈಯಲ್ಲಿ ಬರೆಯುವವರಿಗೆ, ಬಲಗೈಯವರಾದರೆ ಬೆಳಕು ಎಡಗಡೆಯಿಂದ ಬರಲಿ, ಎಡಗೈಯವರಾದರೆ ಬಲದಿಂದ. ಆಗ ಅಕ್ಷರದ ಮೇಲೆ ಕೈಯ ನೆರಳು ಬೀಳುವುದಿಲ್ಲ.

ಹಳೆಯ ಮೇಜನ್ನೇ ತರುವುದಿದ್ದರೆ ಬಾಗಿಲ ಅಗಲ ಅಳೆದುಕೊಳ್ಳಿ. ನನ್ನದು ಕೋಣೆಯೊಳಗೆ ನುಗ್ಗಲೇ ಇಲ್ಲ. ಕಾಲು ಬಿಚ್ಚಿ ಒಳಗೆ ತಂದು ಮತ್ತೆ ಜೋಡಿಸಿದ ಮೇಲೆ ಒಂದು ಮೂಲೆ ಅಲ್ಲಾಡತೊಡಗಿತು. ಕಾಗದ ನಾಲ್ಕು ಮಡಿಕೆ ಮಾಡಿ ಆ ಕಾಲಿನ ಕೆಳಗೆ ಇಟ್ಟಿದ್ದೇನೆ, ಇವತ್ತಿಗೂ ಅಲ್ಲೇ ಇದೆ.

ಹೊತ್ತು

ಕೆಲಸಕ್ಕೆ ಹೋಗುವ ದೂರ ಬದಲಾದರೆ ದಿನವೆಲ್ಲ ಆಚೀಚೆ ಆಗುತ್ತದೆ. ಹಾಗಾಗಿ ಗಡಿಯಾರಕ್ಕಿಂತ, ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಬರವಣಿಗೆಯನ್ನು ಕಟ್ಟಿಹಾಕಿ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಕೂಡಲೇ, ಇಲ್ಲವೇ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ. ಮನೆಯವರಿಗೂ ಹೇಳಿಬಿಡಿ. ಹೊಸ ಮನೆಯಲ್ಲಿ ಅವರೂ ತಮ್ಮ ಜಾಗ ಹುಡುಕುತ್ತಿರುತ್ತಾರೆ, ನೀವು ಬಾಗಿಲು ಹಾಕಿಕೊಂಡರೆ ಯಾಕೆಂದು ಅವರಿಗೆ ಗೊತ್ತಿರಲಿ.

ಎಷ್ಟು ದಿನ ಬೇಕು?

ಹಳೆಯ ಲೆಕ್ಕದಲ್ಲಿ ಶುರು ಮಾಡಬೇಡಿ. ದಿನಕ್ಕೆ ಎರಡು ಪುಟ ಬರೆಯುತ್ತಿದ್ದವರು ಮೊದಲ ಎರಡು ವಾರ ಅರ್ಧ ಪುಟಕ್ಕೆ ನಿಲ್ಲಿಸಿ. ಇನ್ನೂ ಬರೆಯಬೇಕು ಅನ್ನಿಸುವಾಗಲೇ ಎದ್ದರೆ ಒಳ್ಳೆಯದು.

ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ನಡೆಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟ ಮುಟ್ಟಲು ಸುಮಾರು 66 ದಿನ ಬೇಕೆಂದು ಕಂಡುಬಂತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನದವರೆಗೆ ಇರಬಹುದು ಎಂಬುದು ಅವರ ಅಂದಾಜು. ಮಧ್ಯೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡಲಿಲ್ಲ ಅನ್ನೋದನ್ನೂ ಅವರು ಗಮನಿಸಿದರು. ಹಾಗಾಗಿ ನಲ್ಲಿ ರಿಪೇರಿಯವರು ಬಂದು ಒಂದು ದಿನ ಹೋಯ್ತು ಅಂತ ಸುಮ್ನೆ ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು. ಏಳುವ ಮುನ್ನ ಕೊನೆಯ ವಾಕ್ಯವನ್ನು ಪೂರ್ತಿ ಮಾಡದೆ ಅರ್ಧಕ್ಕೆ ಬಿಡಿ. ನೋಟ್‌ಬುಕ್ಕನ್ನು ಅದೇ ಪುಟಕ್ಕೆ ತೆರೆದು, ಅದರ ಮೇಲೆ ಪೆನ್ನು ಇಟ್ಟು ಹೋಗಿ. ಮಾರನೆಯ ದಿನ ಬಂದು ಕೂತಾಗ, ಕೈ ಮೊದಲು ಆ ಅರ್ಧ ವಾಕ್ಯವನ್ನೇ ಮುಗಿಸುತ್ತದೆ.